ಹಿತ್ತಿಲಿನ ಡೆಕ್‌ಗೂ ಬೂದು ಬಣ್ಣದ ಮಣ್ಣಿಗೂ ಏನು ಸಂಬಂಧ?

ನಮಸ್ಕಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ವೀಕ್ಷಕರೊಬ್ಬರು ಮನೆಯ ಹಿಂದೆ ಮರದ ಡೆಕ್, ಅಂದರೆ ತೆರೆದ ಜಗಲಿ, ಕಟ್ಟಿಸಲು ಹೊರಟಾಗ, ಮೊದಲು ಊರಿನ ಕನ್ಸರ್ವೇಶನ್ ಕಮಿಷನ್‌ನ (ಸ್ಥಳೀಯ ಪ್ರಕೃತಿ ಸಂರಕ್ಷಣಾ ಆಯೋಗದ) ಒಪ್ಪಿಗೆ ತರಬೇಕೆಂದು ಅವರಿಗೆ ಹೇಳಲಾಯಿತಂತೆ. ಕಾರಣ, ಡೆಕ್‌ನಿಂದ 40 ಅಡಿ ದೂರದಲ್ಲಿ, ಬೇಲಿಯಾಚೆ ಇರುವ ತಗ್ಗು ಜೌಗು ನೆಲವಂತೆ. "ಬೇಸಿಗೆಯಲ್ಲಿ ಅಲ್ಲಿ ಹುಲ್ಲೂ ಒಣಗುತ್ತದೆ, ಅದು ಜೌಗು ಹೇಗಾಯಿತು?" ಎಂಬುದು ಅವರ ಪ್ರಶ್ನೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. 1957ರ ಕಾನೂನು ಅಲ್ಲಿನ ಪ್ರತಿ ನಗರ ಮತ್ತು ಪಟ್ಟಣಕ್ಕೂ ಇಂಥ ಆಯೋಗವನ್ನು ರಚಿಸಿಕೊಳ್ಳುವ ಅವಕಾಶ ನೀಡಿತು. ಮೂರರಿಂದ ಏಳು ಸದಸ್ಯರು, ಮೂರು ವರ್ಷದ ಅವಧಿ, ಸಂಬಳವಿಲ್ಲ. ಇಷ್ಟನ್ನು ಓದಿದಾಗ, ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಸಮಿತಿಯೇ ಇರಬೇಕೆಂದು ನಾನು ಭಾವಿಸಿದ್ದೆ. ಆದರೆ 1972ರ ಜೌಗು ಸಂರಕ್ಷಣಾ ಕಾಯ್ದೆ, ಜೌಗಿನಲ್ಲಿ ಮಾತ್ರವಲ್ಲದೆ ಅದರ ಅಂಚಿನಿಂದ ನೂರು ಅಡಿಯೊಳಗೆ ನಡೆಯುವ ಕೆಲಸಗಳನ್ನೂ ಪರಿಶೀಲಿಸುವ ಹೊಣೆಯನ್ನು ಇದೇ ಸ್ವಯಂಸೇವಕರಿಗೆ ಒಪ್ಪಿಸಿದೆ. ಚಿಕ್ಕಪುಟ್ಟ ಕೆಲಸಗಳಿಗೆ ಕೆಲವು ವಿನಾಯಿತಿಗಳಿವೆ; ಜೌಗಿನಿಂದ 40 ಅಡಿ ದೂರದ ಡೆಕ್‌ಗೆ ಅವು ಒದಗುವುದಿಲ್ಲ.

[ಪರದೆಯ ಮೇಲೆ: ಬೈರಿಗೆಯಿಂದ ತೆಗೆದ ಮಣ್ಣು]

ಹಾಗಾದರೆ ಅಂಚು ಎಲ್ಲಿದೆ? ಇಡೀ ವಿಷಯದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಇದು. ಕಾನೂನು ಮೊದಲು ಗಿಡಗಳನ್ನು ನೋಡುತ್ತದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜೌಗಿನ ಸಸ್ಯಗಳಿದ್ದರೆ ಅದು ಜೌಗು. ಆದರೆ ಹುಲ್ಲುಹಾಸು ಮಾಡಿ ಬೋಳಿಸಿದ ಜಾಗದಲ್ಲಿ ಗಿಡಗಳ ಸಾಕ್ಷಿ ಅಳಿದಿರುತ್ತದೆ, ಮಣ್ಣಿನ ಸಾಕ್ಷಿ ಅಳಿದಿರುವುದಿಲ್ಲ. ಮಣ್ಣಿಗೆ ಕೆಂಪು, ಕಂದು ಬಣ್ಣ ಬರುವುದು ತುಕ್ಕು ಹಿಡಿದ ಕಬ್ಬಿಣದಿಂದ. ನೀರು ವಾರಗಟ್ಟಲೆ ನಿಂತರೆ ಮಣ್ಣಿನೊಳಗಿನ ಗಾಳಿ ಮುಗಿದು, ಉಸಿರಾಡಲು ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ಆ ಕಬ್ಬಿಣವನ್ನೇ ಬಳಸಿಕೊಳ್ಳತೊಡಗುತ್ತವೆ. ಆಗ ಅದು ನೀರಿನಲ್ಲಿ ಕರಗಿ ಸರಿದುಹೋಗಿ, ಉಳಿದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಭತ್ತದ ಗದ್ದೆಗೆ ಇಳಿದವರಿಗೆ ಇದು ಹೊಸತಲ್ಲ: ಪೈರನ್ನು ಬುಡಸಮೇತ ಕಿತ್ತರೆ ನೀಲಿಬೂದು ಕೆಸರಿನ ನಡುವೆ, ಬೇರು ಹಾದುಹೋದ ದಾರಿಯುದ್ದಕ್ಕೂ ತುಕ್ಕಿನ ಬಣ್ಣದ ಎಳೆಗಳು ಕಾಣುತ್ತವೆ, ಏಕೆಂದರೆ ಬೇರು ಕೆಳಗೆ ಒಯ್ದ ಗಾಳಿಯಿಂದ ಅಲ್ಲಿ ಮಾತ್ರ ಕಬ್ಬಿಣ ಮತ್ತೆ ತುಕ್ಕು ಹಿಡಿದಿರುತ್ತದೆ. ವರ್ಷ ವರ್ಷವೂ ನೀರು ನಿಂತು ಮೂಡಿದ ಈ ಗುರುತು ಒಂದು ಬೇಸಿಗೆಯ ಒಣಹವೆಗೆ ಮಾಸುವುದಿಲ್ಲ.

ಬೂದು ಎಂದರೆ ಎಷ್ಟು ಬೂದು ಎಂದು ಜಗಳ ಬರಬಾರದಲ್ಲ? ಅದಕ್ಕೊಂದು ಪುಸ್ತಕವಿದೆ. ಪ್ರತಿ ಪುಟದಲ್ಲಿ ಬಣ್ಣದ ಚಿಕ್ಕ ಬಿಲ್ಲೆಗಳು, ಪ್ರತಿ ಬಿಲ್ಲೆಯ ಪಕ್ಕದಲ್ಲೊಂದು ತೂತು. ಒದ್ದೆ ಮಣ್ಣನ್ನು ತೂತಿನ ಹಿಂದೆ ಹಿಡಿದು ಹೋಲಿಸಿ ಸಂಖ್ಯೆ ಬರೆದುಕೊಳ್ಳುತ್ತಾರೆ. ಬಣ್ಣವನ್ನು ಹೀಗೆ ಸಂಖ್ಯೆಗಳಲ್ಲಿ ಹೇಳುವ ಕ್ರಮವನ್ನು 1905ರಲ್ಲಿ ಪ್ರಕಟಿಸಿದವರು ಮಣ್ಣಿನ ವಿಜ್ಞಾನಿಯಲ್ಲ, ಆಲ್ಬರ್ಟ್ ಮನ್ಸೆಲ್ ಎಂಬ ಚಿತ್ರಕಾರ, ಅದೂ ಇದೇ ರಾಜ್ಯದ ಬಾಸ್ಟನ್‌ನವರು. ಕಲಾ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಆ ಮೇಷ್ಟರ ಬಣ್ಣದ ಲೆಕ್ಕ ಇಂದು ಯಾರದೋ ಡೆಕ್‌ನ ಹಣೆಬರಹ ಬರೆಯುತ್ತಿದೆ.

ಮಣ್ಣಿನ ಬಗ್ಗೆಯೇ ಸಮಯವನ್ನೆಲ್ಲ ಕಳೆದದ್ದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಅರ್ಜಿ ಬಂದ 21 ದಿನಗಳೊಳಗೆ ಬಹಿರಂಗ ವಿಚಾರಣೆ ಆರಂಭವಾಗಬೇಕು, ನೆರೆಹೊರೆಯವರಿಗೆ ತಿಳಿಸಿರಬೇಕು. ಆಯೋಗದ ತೀರ್ಪು ಸರಿಯಿಲ್ಲವೆನಿಸಿದರೆ ಅರ್ಜಿದಾರರಷ್ಟೇ ಅಲ್ಲ, ಊರಿನ ಯಾವುದೇ ಹತ್ತು ನಿವಾಸಿಗಳು ಸೇರಿ ರಾಜ್ಯದ ಪರಿಸರ ಇಲಾಖೆಗೆ ಮೇಲ್ಮನವಿ ಸಲ್ಲಿಸಬಹುದು. ಆಯೋಗದ ನಿಜವಾದ ಆಯುಧ ನಿರಾಕರಣೆಯಲ್ಲ, ಷರತ್ತು: ಕಂಬಗಳನ್ನು ಇಷ್ಟು ಹಿಂದೆ ಸರಿಸಿ, ಮಣ್ಣು ಕೊಚ್ಚಿಹೋಗದಂತೆ ತಡೆ ಕಟ್ಟಿ, ಇಂಥ ಗಿಡ ನೆಡಿ. ಆ ಷರತ್ತುಗಳು ಆಸ್ತಿಯ ನೋಂದಣಿ ದಾಖಲೆಗೆ ಸೇರುತ್ತವೆ. ಕೆಲಸ ಮುಗಿದ ಮೇಲೆ, ಷರತ್ತುಗಳನ್ನು ಪಾಲಿಸಿದ್ದೇವೆ ಎಂಬ ಪ್ರಮಾಣಪತ್ರ ಪಡೆಯಲು ಮರೆತವರಿಗೆ ಮನೆ ಮಾರುವ ಹೊತ್ತಿಗೆ ಅವು ತಪ್ಪದೆ ನೆನಪಾಗುತ್ತವೆ.

ನಮ್ಮ ವೀಕ್ಷಕರ ವಿಚಾರಣೆ ಇನ್ನೂ ನಡೆದಿಲ್ಲ. ಬೇಲಿಯಾಚೆ ಬೈರಿಗೆ ಇಳಿಸಿ ತೆಗೆದ ಮಣ್ಣಿನ ಫೋಟೊವನ್ನು ನಿನ್ನೆ ಕಳುಹಿಸಿದ್ದಾರೆ: ಮೇಲೆ ಒಂದು ಗೇಣು ಕಪ್ಪು, ಅದರ ಕೆಳಗೆ ಅಲ್ಲಲ್ಲಿ ಕಿತ್ತಳೆ ಚುಕ್ಕೆಗಳಿರುವ ಅಚ್ಚ ಬೂದು.