ವಸಾಹತುಗಾರ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದವನ್ನು ಹಿಡಿದುಕೊಂಡು ಮಾತಾಡುತ್ತೇನೆ. ವಸಾಹತುಗಾರ. ಇದರ ಬದಲು ನಾವು ವಲಸಿಗ ಅನ್ನುತ್ತೇವೆ, ನೆಲೆಸಿದವನು ಅನ್ನುತ್ತೇವೆ, ಬಂದು ನೆಲೆಯೂರಿದವನು ಅಂತಲೂ ಬರೆಯುತ್ತೇವೆ. ಯಾವುದನ್ನು ಹಾಕಿದರೂ ನಡೆಯುತ್ತದೆ ಅನ್ನಿಸುತ್ತದೆ, ಅಲ್ವಾ? ನಡೆಯುವುದಿಲ್ಲ ಅನ್ನುವುದೇ ನನ್ನ ವಾದ.

ಮೊದಲು ಬೇರಿಗೆ ಹೋಗೋಣ. ನಾವು ದಿನಾ ಬಳಸುವ ಕಾಲೊನಿ ಅನ್ನೋ ಮಾತು ಲ್ಯಾಟಿನ್‌ನ ಕೊಲೋನಿಯಾದಿಂದ ಬಂದದ್ದು. ಅಲ್ಲಿ ಕೊಲೋನಸ್ ಅಂದರೆ ನೆಲ ಉಳುವವನು. ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ ಪದ ಒಕ್ಕಲು. ರೋಮನ್ನರು ಗೆದ್ದ ನೆಲದಲ್ಲಿ ತಮ್ಮ ಮಾಜಿ ಸೈನಿಕರಿಗೆ ಜಮೀನು ಹಂಚಿ ಊರು ಕಟ್ಟುತ್ತಿದ್ದರು. ಜರ್ಮನಿಯ ಕಲೋನ್ ನಗರದ ಹೆಸರಲ್ಲಿ ಆ ಕೊಲೋನಿಯಾ ಇನ್ನೂ ಉಳಿದಿದೆ. 1652ರಿಂದ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಡಚ್ಚರಲ್ಲೂ ಇದೇ ಕಥೆ. ಅವರ ಮಕ್ಕಳು ಮೊಮ್ಮಕ್ಕಳಿಗೆ ಬೋಯರ್ ಅನ್ನೋ ಹೆಸರು ಬಂತು. ಡಚ್ ಭಾಷೆಯಲ್ಲಿ ಅದರ ಅರ್ಥ ರೈತ.

ಕೇಳೋದಕ್ಕೆ ಎಷ್ಟು ಸೌಮ್ಯವಾದ ಹೆಸರು! ನೇಗಿಲು ಹಿಡಿದವನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ಆದರೆ ಕನ್ನಡದ ಒಕ್ಕಲಿಗೆ ಇನ್ನೊಂದು ಮುಖವೂ ಇದೆ: ಒಕ್ಕಲೆಬ್ಬಿಸು. ಒಬ್ಬ ಒಕ್ಕಲಾಗಬೇಕಾದರೆ ಅಲ್ಲಿ ಮೊದಲೇ ಇದ್ದವನು ಏಳಬೇಕಾಗಿತ್ತಾ? ಪದ ಆರಿಸುವಾಗ ನಾವು ಕೇಳಬೇಕಾದ ಪ್ರಶ್ನೆ ಅದು.

ವಲಸಿಗನಿಗೂ ವಸಾಹತುಗಾರನಿಗೂ ಇರುವ ವ್ಯತ್ಯಾಸ ದೂರದ್ದಲ್ಲ, ಸಂಖ್ಯೆಯದ್ದೂ ಅಲ್ಲ. ವಲಸಿಗ ಹೋದ ಊರಿನ ಕಾನೂನಿಗೆ ತಲೆಬಾಗುತ್ತಾನೆ, ಅಲ್ಲಿನ ಭಾಷೆ ಕಲಿಯುತ್ತಾನೆ. ವಸಾಹತುಗಾರ ತನ್ನ ಕಾನೂನನ್ನು ಜೊತೆಗೇ ಹೊತ್ತು ತರುತ್ತಾನೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಬಂದವರು ಸುಮಾರು ನೂರು ಜನ ಅಷ್ಟೇ. ಆದರೂ ದಡ ಸೇರಿ ಊರು ಕಟ್ಟುವ ಮೊದಲೇ ತಮ್ಮ ಆಡಳಿತ ಹೇಗಿರಬೇಕು ಅಂತ ಒಪ್ಪಂದ ಬರೆದುಕೊಂಡರು. ಅಲ್ಲಿ ಮೊದಲೇ ಇದ್ದ ವಾಂಪನೋವಾಗ್ ಜನರನ್ನು ಆ ಒಪ್ಪಂದಕ್ಕೆ ಯಾರೂ ಕೇಳಲಿಲ್ಲ.

ಆಸ್ಟ್ರೇಲಿಯಾದ್ದು ಇನ್ನೂ ಕಠೋರ. 1788ರಲ್ಲಿ ಬ್ರಿಟಿಷರು ಅಲ್ಲಿ ಇಳಿದರು. ಹತ್ತಾರು ಸಾವಿರ ವರ್ಷಗಳಿಂದ ಜನ ಬಾಳುತ್ತಿದ್ದ ನೆಲವನ್ನು ಕಾನೂನು ಯಾರಿಗೂ ಸೇರದ ಭೂಮಿಯಂತೆ ಕಂಡಿತು. ಮೂಲನಿವಾಸಿಗಳ ಭೂಹಕ್ಕಿನ ಮಾಬೋ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿದ್ದು 1992ರಲ್ಲಿ. ಎರಡು ಶತಮಾನ! ಅಷ್ಟೂ ಕಾಲ ಬಂದವರನ್ನು ಸುಮ್ನೆ ನೆಲೆಸಿದವರು ಅಂದುಬಿಟ್ಟರೆ ನಾವೂ ಅದೇ ವಾದಕ್ಕೆ ದನಿಗೂಡಿಸಿದಂತೆ.

ಇನ್ನೊಂದು ಗೊಂದಲವಿದೆ. ವಸಾಹತು ಇದ್ದ ಕಡೆಯೆಲ್ಲ ವಸಾಹತುಗಾರರು ಜಾಸ್ತಿ ಇರಲಿಲ್ಲ. ಭಾರತ ಬ್ರಿಟನ್ನಿನ ವಸಾಹತಾಗಿತ್ತು, ನಿಜ. ಆದರೆ ಇಲ್ಲಿಗೆ ಬಂದ ಹೆಚ್ಚಿನ ಅಧಿಕಾರಿಗಳು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಮರಳಿದರು. ಅವರನ್ನು ವಸಾಹತು ಆಡಳಿತಗಾರರು ಅನ್ನಿ, ಸರಿಹೋಗುತ್ತದೆ. ಅಲ್ಜೀರಿಯಾದಲ್ಲಿ ಹಾಗಲ್ಲ. 1830ರಲ್ಲಿ ಫ್ರಾನ್ಸ್ ಅಲ್ಲಿಗೆ ನುಗ್ಗಿದ ಮೇಲೆ ಯುರೋಪಿನವರು ಜಮೀನು ಹಿಡಿದು ತಲೆಮಾರುಗಟ್ಟಲೆ ಬೇರೂರಿದರು. 1962ರಲ್ಲಿ ಸ್ವಾತಂತ್ರ್ಯ ಬಂದಾಗ ಲಕ್ಷಾಂತರ ಮಂದಿ ಹೊರಟುಹೋದರು. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ. ವಸಾಹತುಗಾರರ ಮೊಮ್ಮಗಳನ್ನು ಏನೆಂದು ಕರೆಯುವುದು? ನೆಲ ಕಿತ್ತುಕೊಂಡವಳು ಅವಳಲ್ಲ. ಆದರೆ ಆ ನೆಲದ ಫಲ ಅವಳಿಗೆ ಸಿಕ್ಕಿತ್ತು. ಇಂಥ ಕಡೆ ಒಂದೇ ಪದ ಸಾಲದು, ಒಂದು ಇಡೀ ವಾಕ್ಯವನ್ನೇ ಬರೆಯಬೇಕು.

ಆಸ್ಟ್ರೇಲಿಯಾಕ್ಕೆ ಮೊದಲು ಹೋದವರಲ್ಲಿ ಬಹಳ ಮಂದಿ ಕೈದಿಗಳು. ಅವರು ಇಷ್ಟಪಟ್ಟು ಹೋದವರಲ್ಲ. ಆದರೂ ಬಿಡುಗಡೆಯಾದ ಮೇಲೆ ಅವರಲ್ಲಿ ಹಲವರಿಗೆ ಜಮೀನು ಸಿಕ್ಕಿತು, ವಸಾಹತುಗಾರರಾದರು. ಆಫ್ರಿಕಾದಿಂದ ಸರಪಳಿ ಹಾಕಿ ಅಮೆರಿಕಕ್ಕೆ ತಂದವರಿಗೆ ಆ ದಾರಿಯೂ ಇರಲಿಲ್ಲ. ಅವರನ್ನು ವಲಸಿಗರು ಅಂತ ಬರೆದಿರುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಅವರು ವಲಸೆ ಹೋಗಲಿಲ್ಲ, ಅವರನ್ನು ಹಿಡಿದು ಸಾಗಿಸಲಾಯಿತು.