ಮಾನವಶಾಸ್ತ್ರದ ಮೊದಲ ವರ್ಷ: ಅಳತೆ, ವಂಶಾವಳಿ, ಕಲ್ಲು, ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಪದವಿಯಲ್ಲಿ ಮಾನವಶಾಸ್ತ್ರವನ್ನು ಹೊಸದಾಗಿ ಆರಿಸಿಕೊಂಡವರು ಮೊದಲ ವಾರದಲ್ಲೇ ಒಂದು ಮಾತು ಬರೆದುಕೊಂಡಿರುತ್ತಾರೆ: ಈ ಶಾಸ್ತ್ರಕ್ಕೆ ನಾಲ್ಕು ಶಾಖೆಗಳು. ಭೌತಿಕ ಮಾನವಶಾಸ್ತ್ರ, ಸಾಮಾಜಿಕ-ಸಾಂಸ್ಕೃತಿಕ ಮಾನವಶಾಸ್ತ್ರ, ಪ್ರಾಗೈತಿಹಾಸಿಕ ಪುರಾತತ್ವ, ಭಾಷಾ ಮಾನವಶಾಸ್ತ್ರ. ನಾಲ್ಕಕ್ಕೂ ವ್ಯಾಖ್ಯೆ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ನಿಜ. ಆದರೆ ಬರೀ ವ್ಯಾಖ್ಯೆಯಿಂದ ಈ ವಿದ್ಯೆ ತಲೆಗೆ ಹತ್ತುವುದಿಲ್ಲ. ಅಳೆದು, ಕೇಳಿ, ಗೆರೆ ಎಳೆದು, ಕಲ್ಲನ್ನು ತಿರುಗಿಸಿ ನೋಡಿದರೆ ಹತ್ತುತ್ತದೆ. ಆ ಪ್ರಾಯೋಗಿಕ ಕೆಲಸದ ಬಗ್ಗೆಯೇ ಇವತ್ತಿನ ಮಾತು.

ನಾಲ್ಕನ್ನೂ ಒಂದೇ ಸೂರಿನಡಿ ಕಲಿಸುವ ಪದ್ಧತಿ ಅಮೆರಿಕದಲ್ಲಿ ಫ್ರಾನ್ಜ್ ಬೋವಾಸ್ ಅವರ ಕಾಲಕ್ಕೆ ಗಟ್ಟಿಯಾಯಿತು. ನಮ್ಮಲ್ಲಿ 1920ರ ಸುಮಾರಿಗೆ ಕಲ್ಕತ್ತ ವಿಶ್ವವಿದ್ಯಾಲಯ ಬೋಧನೆ ಆರಂಭಿಸಿತು. ಅಲ್ಲಿ ಕಲಿಸಿದವರಲ್ಲಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಪ್ರಮುಖರು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಬಗ್ಗೆ ಕೈಗೊಂಡಿದ್ದ ಕೆಲಸವನ್ನು ಪೂರ್ತಿ ಮಾಡಿದವರೂ ಅಯ್ಯರ್ ಅವರೇ. ಇಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ವಿಭಾಗಗಳಿವೆ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರವೂ ಮೈಸೂರಿನಲ್ಲೇ ಇದೆ.

ಭೌತಿಕ ಮಾನವಶಾಸ್ತ್ರದ ಪ್ರಯೋಗ ಸಾಮಾನ್ಯವಾಗಿ ದೇಹದ ಅಳತೆಯಿಂದ ಶುರುವಾಗುತ್ತದೆ. ಎತ್ತರ ಅಳೆಯುವುದು ಸುಲಭ ಎನ್ನಿಸುತ್ತದೆ. ಬರಿಗಾಲು, ಹಿಮ್ಮಡಿ ಜೋಡಿಸಿ ನೇರ ನಿಲುವು. ಕಣ್ಣುಗುಳಿಯ ಕೆಳಅಂಚು, ಕಿವಿಯ ತೂತಿನ ಮೇಲಂಚು ಒಂದೇ ಮಟ್ಟದಲ್ಲಿರಬೇಕು. ಇದಕ್ಕೆ ಫ್ರಾಂಕ್‌ಫರ್ಟ್ ಸಮತಲ ಎನ್ನುತ್ತಾರೆ. ಗದ್ದ ಮೇಲೆತ್ತಿದರೆ ಅಳತೆ ಕೆಟ್ಟಿತು. ಬೆನ್ನೆಲುಬಿನ ನಡುವಿನ ಮೆತ್ತೆಗಳು ಹಗಲೆಲ್ಲ ಅದುಮಿಕೊಳ್ಳುವುದರಿಂದ ಅದೇ ಮನುಷ್ಯ ಬೆಳಿಗ್ಗೆಗಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿರುತ್ತಾನೆ. ಅದಕ್ಕೇ ಅಳತೆಯ ಪಕ್ಕದಲ್ಲಿ ವೇಳೆಯನ್ನೂ ಬರೆಯಬೇಕು.

ತಲೆಯ ಅಳತೆಗೆ ಬಾಗಿದ ತೋಳಿನ ಸ್ಪ್ರೆಡಿಂಗ್ ಕ್ಯಾಲಿಪರ್ ಬೇಕು. ಒಂದು ತುದಿಯನ್ನು ಹುಬ್ಬುಗಳ ನಡುವಿನ ಉಬ್ಬಿನ ಮೇಲೆ ಎಡಗೈಯಲ್ಲಿ ಹಿಡಿದು, ಇನ್ನೊಂದನ್ನು ತಲೆಯ ಹಿಂಭಾಗದ ನಟ್ಟನಡುವೆ ಮೇಲೆ ಕೆಳಗೆ ಸರಿಸುತ್ತ ಹೋಗಿ. ಮುಳ್ಳು ತೋರಿಸುವ ಅತಿ ಹೆಚ್ಚಿನ ಅಂಕಿಯೇ ತಲೆಯ ಉದ್ದ. ಅಗಲವನ್ನು ಕಿವಿಗಳ ಮೇಲುಗಡೆ, ಎರಡೂ ತುದಿ ಒಂದೇ ಮಟ್ಟದಲ್ಲಿರುವಂತೆ ಹಿಡಿದು ಅಳೆಯಬೇಕು. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶಿರ ಸೂಚ್ಯಂಕ. ಅಗಲ 142 ಮಿಲಿಮೀಟರ್, ಉದ್ದ 184 ಎಂದಿಟ್ಟುಕೊಳ್ಳಿ: 77.2 ಬರುತ್ತದೆ, ಅಂದರೆ ಮಧ್ಯಮ ಶಿರ. ಹಿಂದಿನ ತುದಿ ತುರುಬಿನ ಮೇಲೆ ಕೂತು ಉದ್ದ 188 ಎಂದು ಬಂದರೆ 75.5. ಅದೇ ವ್ಯಕ್ತಿ ದೀರ್ಘ ಶಿರದ ಗುಂಪಿಗೆ ಹೋಗಿಬಿಟ್ಟ! ನಾಲ್ಕು ಮಿಲಿಮೀಟರಿನಲ್ಲಿ ಗುಂಪು ಬದಲಾಗುತ್ತದೆ ಎಂಬುದನ್ನು ಕೈಯಾರೆ ಕಂಡವರು ಅಂಥ ಗುಂಪುಗಳನ್ನು ಸುಲಭಕ್ಕೆ ನಂಬುವುದಿಲ್ಲ. ಹಾಗಾಗಿ ಪ್ರತಿ ಅಳತೆಯನ್ನೂ ಎರಡು ಬಾರಿ ತೆಗೆಯಿರಿ, ಎರಡನೆಯ ಸಲ ಮೊದಲಿನ ಅಂಕಿಯನ್ನು ನೋಡದೆ.

ಇಲ್ಲಿ ಇತಿಹಾಸವನ್ನೂ ತಿಳಿದಿರಲೇಬೇಕು. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಳತೆಯನ್ನು ಹಿಡಿದು ಜಾತಿಗಳ ಮೇಲು ಕೀಳು ತೋರಿಸಲು ಹೊರಟರು. ಅದು ಬಿದ್ದುಹೋದ ವಾದ. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳ ತಲೆಯ ಆಕಾರ ಹೆತ್ತವರದಕ್ಕಿಂತ ಬೇರೆಯಾಗುವುದನ್ನು ಬೋವಾಸ್ 1912ರ ಹೊತ್ತಿಗೇ ಅಂಕಿಗಳಲ್ಲಿ ತೋರಿಸಿದ್ದರು. ಇಂದು ದೇಹದ ಅಳತೆ ಮಕ್ಕಳ ಬೆಳವಣಿಗೆ, ಪೋಷಣೆ, ಕೆಲಸದ ಉಪಕರಣಗಳ ವಿನ್ಯಾಸ ಇಂಥವಕ್ಕೆ ಬಳಕೆಯಾಗುತ್ತದೆ. ಶಿಕ್ಷಕರು ಇದನ್ನು ಮೊದಲ ಪಾಠದಲ್ಲೇ ಹೇಳಿ ಕ್ಯಾಲಿಪರ್ ಕೈಗೆ ಕೊಡಬೇಕು.

ಇನ್ನು ಸಾಮಾಜಿಕ ಮಾನವಶಾಸ್ತ್ರ. ಇಲ್ಲಿನ ಮೊದಲ ಪ್ರಯೋಗ ವಂಶಾವಳಿ ನಕ್ಷೆ. 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರಸ್ ಜಲಸಂಧಿಯ ದ್ವೀಪಗಳಿಗೆ ಹೋದ ಡಬ್ಲ್ಯು.ಎಚ್.ಆರ್. ರಿವರ್ಸ್ ರೂಪಿಸಿದ ವಿಧಾನ ಇದು. ಮುಂದೆ ನೀಲಗಿರಿಯ ತೋಡರ ನಡುವೆಯೂ ಅವರು ಇದನ್ನು ಬಳಸಿದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ತೀರಿಕೊಂಡವರಿಗೆ ಅಡ್ಡಗೆರೆ. ಯಾರಿಂದ ಲೆಕ್ಕ ಹಿಡಿಯುತ್ತೇವೋ ಆ ವ್ಯಕ್ತಿ ‘ಈಗೋ’. ಅಗಲವಾದ ಹಾಳೆಯನ್ನು ಅಡ್ಡ ಹಿಡಿದು, ಪೆನ್ಸಿಲಿನಲ್ಲಿ, ಒಂದು ತಲೆಮಾರನ್ನು ಒಂದೇ ಸಾಲಿನಲ್ಲಿ ಬರೆಯಿರಿ.

ಕೇಳುವ ಕ್ರಮ ಮುಖ್ಯ. ‘ನಿಮಗೆ ಎಷ್ಟು ಜನ ಅಣ್ಣತಮ್ಮಂದಿರು?’ ಎಂದು ಕೇಳಿದಿರೋ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನೂ ಸೇರಿಸಿಯೇ ಹೇಳುತ್ತಾರೆ. ‘ನಿಮ್ಮನ್ನು ಹೆತ್ತ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಯಾರ್ಯಾರು, ಹಿರಿಯರಿಂದ ಹೇಳಿ’ ಎಂದು ಕೇಳಬೇಕು. ಮೊದಲು ಹೆಸರುಗಳು ಬರಲಿ. ಯಾರನ್ನು ಏನೆಂದು ಕರೆಯುತ್ತಾರೆ ಎಂಬುದು ಎರಡನೆಯ ಸುತ್ತಿಗೆ ಇರಲಿ. ನಕ್ಷೆಯಲ್ಲಿ ತಪ್ಪಿಹೋಗುವವರು ಎಳವೆಯಲ್ಲೇ ತೀರಿಹೋದ ಮಕ್ಕಳು ಮತ್ತು ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು. ಗಂಡಸರನ್ನಷ್ಟೇ ಕೇಳಿ ಬಂದರೆ ತಾಯಿಯ ಕಡೆಯ ನಂಟು ಅರ್ಧಕ್ಕೆ ನಿಲ್ಲುತ್ತದೆ. ಮನೆಯ ಅಜ್ಜಿಯನ್ನು ಕೇಳಿ.

ನಮ್ಮ ಕಡೆಯ ನಕ್ಷೆಯಲ್ಲಿ ವಿದ್ಯಾರ್ಥಿ ಎಡವುವ ಜಾಗ ಒಂದಿದೆ: ಅಕ್ಕನ ಮಗಳನ್ನು ಮದುವೆಯಾಗುವುದು. ಗಂಡ ಒಂದು ತಲೆಮಾರು, ಹೆಂಡತಿ ಅದರ ಕೆಳಗಿನದು. ಸಾಲು ನೇರ ಮಾಡಲು ಹೋಗಿ ಒಬ್ಬಳನ್ನೇ ಎರಡು ಕಡೆ ಬರೆದರೆ ಎಣಿಕೆ ತಪ್ಪುತ್ತದೆ. ಆಕೆಯನ್ನು ಒಂದೇ ಕಡೆ ಇಟ್ಟು, ಮದುವೆಯ ಗೆರೆಯನ್ನು ಓರೆಯಾಗಿ ಎಳೆಯಿರಿ. ನಕ್ಷೆ ಮುಗಿದ ಮೇಲೆ ತಾಯಿಯ ತಮ್ಮನೂ ಮಾವ, ಮಡದಿಯ ತಂದೆಯೂ ಮಾವ ಏಕೆ ಎಂಬುದು ಕಣ್ಣೆದುರಿಗೇ ಇರುತ್ತದೆ. ಸೋದರಮಾವನ ಮಗಳನ್ನು ತಂದುಕೊಂಡ ಮನೆಯಲ್ಲಿ ಇಬ್ಬರೂ ಒಬ್ಬನೇ. ಉತ್ತರ ಭಾರತದ ಬಹುಪಾಲು ಹಿಂದೂ ಕುಟುಂಬಗಳಲ್ಲಿ ಇಂಥ ಮದುವೆ ನಿಷಿದ್ಧ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಭಾರತದ ಬಂಧುತ್ವವನ್ನು ವಲಯಗಳಾಗಿ ವಿಂಗಡಿಸಿದಾಗ ದಕ್ಷಿಣವನ್ನು ಬೇರೆಯಾಗಿಟ್ಟದ್ದು ಈ ಕಾರಣಕ್ಕೂ ಹೌದು.

ಪ್ರಾಗಿತಿಹಾಸಕ್ಕೆ ಕರ್ನಾಟಕ ಒಳ್ಳೆಯ ಪಾಠಶಾಲೆ. ಕಲ್ಲು ಕೈಗೆ ಬಂದಾಗ ಮೊದಲು ಏಟು ಬಿದ್ದ ಜಾಗ, ಅದರ ಕೆಳಗಿನ ಸಣ್ಣ ಉಬ್ಬು, ಅಲ್ಲಿಂದ ಹರಡುವ ಅಲೆಗೆರೆಗಳನ್ನು ಹುಡುಕಿ. ಒಂದೇ ಒಂದು ಚಕ್ಕೆ ಎದ್ದಿದ್ದರೆ ಉರುಳಿ ಒಡೆದಿರಲೂಬಹುದು. ಒಂದೇ ಅಂಚಿನಲ್ಲಿ ಸಾಲಾಗಿ ಎದ್ದ ಚಕ್ಕೆಗಳು ಮನುಷ್ಯನ ಕೈಯನ್ನು ತೋರಿಸುತ್ತವೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಕೈಕೊಡಲಿ ಮಾಡುತ್ತಿದ್ದ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದ್ದಾರೆ. ಅದಕ್ಕೆ ‘ಕಾರ್ಬನ್ ಪರೀಕ್ಷೆಯಿಂದ’ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಕಾರ್ಬನ್ ವಿಧಾನ ಸುಮಾರು 50,000 ವರ್ಷಕ್ಕೆ ನಿಲ್ಲುತ್ತದೆ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಕೂಡಿಟ್ಟು ಸುಟ್ಟ ಸಗಣಿಯ ಬೂದಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಈ ಊಹೆಗೆ ಇಂದಿನ ತೆಲಂಗಾಣದ ಉಟ್ನೂರಿನ ಉತ್ಖನನದಲ್ಲಿ ಕಂಡ ದನಗಳ ಗೊರಸಿನ ಗುರುತು, ದೊಡ್ಡಿಯ ಕಂಬದ ಕುಳಿಗಳು ಸಾಕ್ಷಿ ಒದಗಿಸಿದವು.

ಈ ದಿಬ್ಬದಲ್ಲೇ ಶಾಖೆಗಳು ಒಂದನ್ನೊಂದು ಕೂಡುತ್ತವೆ. ದನ ಸಾಕಿದವರು ಹಾಲು ಕುಡಿದು ಅರಗಿಸಿಕೊಳ್ಳುತ್ತಿದ್ದರೇ? ಇದು ಭೌತಿಕ ಮಾನವಶಾಸ್ತ್ರದ ಪ್ರಶ್ನೆ. ದೊಡ್ಡವರಿಗೆ ಹಾಲು ಅರಗಿಸುವ ವಂಶವಾಹಿ ರೂಪ ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಫಲ ಪಡೆಯುವ ಇಂದಿನ ಕುರಿಗಾಹಿಗಳ ಒಪ್ಪಂದ ಸಾಮಾಜಿಕ ಮಾನವಶಾಸ್ತ್ರಕ್ಕೆ ಸೇರಿದ್ದು.

ಭಾಷಾ ಮಾನವಶಾಸ್ತ್ರಕ್ಕೆ ಗಡಿಯಾಚೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಉದಾಹರಣೆ ಸಾಕು. ಭಾಷಾ ವಿದ್ವಾಂಸರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಕನ್ನಡ, ಮರಾಠಿ, ಉರ್ದು ವಾಕ್ಯಗಳ ಕಟ್ಟು ಬಹುಮಟ್ಟಿಗೆ ಒಂದೇ ಆಗಿತ್ತು, ಪದಗಳು ಮಾತ್ರ ಬೇರೆಯಾಗಿ ಉಳಿದಿದ್ದವು. ಮನೆಮಾತನ್ನು ಯಾರೂ ಬಿಟ್ಟಿರಲಿಲ್ಲ.

ಕೊನೆಯದಾಗಿ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ. ಮಾತಾಡುವವರ ಒಪ್ಪಿಗೆ ಮೊದಲು ಕೇಳಿ, ಹೆಸರು ಬದಲಿಸಿ ಬರೆಯಿರಿ. ಸಾಮಾಜಿಕ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನ ಬಳಿ ತಾವು 1948ರಲ್ಲಿ ಅಧ್ಯಯನ ಮಾಡಿದ ಹಳ್ಳಿಯನ್ನು ‘ರಾಂಪುರ’ ಎಂಬ ಬದಲಿ ಹೆಸರಿನಿಂದಲೇ ಕರೆದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, ವಿಂಗಡಿಸಿ ಸಿದ್ಧಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮೂರೂ ಒಂದೇ ಕಡೆ ಇದ್ದವು. ಹಗಲು ಗೀಚಿದ ಟಿಪ್ಪಣಿಯನ್ನು ಅದೇ ರಾತ್ರಿ ಪೂರ್ತಿ ಬರೆದು, ಪುಟಗಳ ಫೋಟೋ ತೆಗೆದು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡಿ. ನಮಸ್ಕಾರ.