ಕಮ್ಮಿ ಬೆಲೆಯ ಬೇಸ್ ಗಿಟಾರ್: ತಗೊಳ್ಳಬೇಕಾ, ಬೇಡ್ವಾ?

[ದೃಶ್ಯ: ತೊಡೆಯ ಮೇಲೆ ಬೇಸ್. ಅತಿ ದಪ್ಪದ ತಂತಿಯನ್ನು ಒಮ್ಮೆ ಮೀಟುವುದು.]

ಕೇಳಿಸಿತಾ? ಮೊಬೈಲ್ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ನಿಮಗೆ ಸಿಕ್ಕಿದ್ದು ಈ ಸ್ವರದ ಸಿಪ್ಪೆ ಮಾತ್ರ. ಇಯರ್‌ಫೋನ್ ಹಾಕಿಕೊಳ್ಳಿ, ಇನ್ನೊಮ್ಮೆ ಮೀಟುತ್ತೇನೆ.

[ಮತ್ತೆ ಅದೇ ತಂತಿ.]

ಇದು ಇ ತಂತಿ. ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಇಷ್ಟು ತಗ್ಗಿನ ದನಿ ಹೊರಡಿಸುವ ತಾಕತ್ತು ಮೊಬೈಲಿನ ಪುಟಾಣಿ ಸ್ಪೀಕರಿಗೆ ಇಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ರಾತ್ರಿ ಮಲಗಿಕೊಂಡು ಫೋನಿನಲ್ಲಿ ನಾಲ್ಕು ರಿವ್ಯೂ ನೋಡಿ 'ಸೌಂಡ್ ಸಖತ್ತಾಗಿದೆ' ಅಂತ ಆರ್ಡರ್ ಒತ್ತಬೇಡಿ.

ಈ ವಿಡಿಯೋಗೆ ಕಾರಣ ನನ್ನ ಅಕ್ಕನ ಮಗ. ಅವರ ಕಾಲೇಜ್ ಬ್ಯಾಂಡಿನಲ್ಲಿ ಗಿಟಾರಿನವರು ಮೂರು ಜನ, ಬೇಸ್‌ಗೆ ಯಾರೂ ಇಲ್ಲ. ಹೋದ ವಾರ ಫೋನ್ ಮಾಡಿದ್ದ.

"ಮಾಮ, 16 ಸಾವಿರಕ್ಕೆ ಹೊಸ ಬೇಸ್ ಬರುತ್ತೆ. ತಗೊಂಡುಬಿಡ್ಲಾ?"

"ನಿನ್ನ ಹತ್ರ ಒಟ್ಟು ಎಷ್ಟಿದೆ?"

"ಅಷ್ಟೇ ಮಾಮ. 16."

"ಹಾಗಾದ್ರೆ 16ರದ್ದು ಬೇಡ."

ಅವನಿಗೆ ಸಿಟ್ಟು ಬಂತು. ಆದರೆ ಲೆಕ್ಕ ನೋಡಿ. ಬೇಸ್ ಒಂದೇ ತಂದರೆ ಕೆಲಸ ಮುಗಿಯುವುದಿಲ್ಲ. ಕೇಬಲ್ ಬೇಕು, ಬ್ಯಾಗ್ ಬೇಕು, ಅಗಲವಾದ ಸ್ಟ್ರ್ಯಾಪ್ ಬೇಕು. ಒಳ್ಳೆಯ ತಂತಿಗಳ ಸೆಟ್ ಗಿಟಾರಿನದಕ್ಕಿಂತ ಎಷ್ಟೋ ಜಾಸ್ತಿ. ಕೈ ಪಳಗಿದವರ ಹತ್ತಿರ ಒಂದು ಸೆಟಪ್, ಅಂದರೆ ತಂತಿಯ ಎತ್ತರ ಎಲ್ಲ ಹೊಂದಿಸುವ ಕೆಲಸ, ಮಾಡಿಸಬೇಕು. ಇನ್ನು ಆಂಪ್, ಅಂದರೆ ದನಿ ದೊಡ್ಡದು ಮಾಡುವ ಪೆಟ್ಟಿಗೆ. ಮನೆಯಲ್ಲಿರುವ ಸಣ್ಣ ಗಿಟಾರ್ ಆಂಪಿಗೆ ಚುಚ್ಚಿ ವಾಲ್ಯೂಮ್ ಏರಿಸಿದರೆ ಅದರ ಸ್ಪೀಕರ್ ಹೋಗಬಹುದು, ಅದು ಬೇಸ್ ತಡೆಯುವಂಥದ್ದಲ್ಲ. ಶುರುವಿಗೆ ಒಂದು ಹೆಡ್‌ಫೋನ್ ಆಂಪ್ ಸಾಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸೀದಾ ಬೇಸ್‌ಗೇ ಸಿಕ್ಕಿಸಬಹುದು. ಬಾಡಿಗೆ ಮನೆಯವರಿಗಂತೂ ಇದೇ ಸರಿ. ತಗ್ಗಿನ ದನಿ ಗೋಡೆ ದಾಟಿಕೊಂಡು ಹೋಗುತ್ತದೆ. ನಿಮಗೆ ಕೇಳಿಸುವುದಕ್ಕಿಂತ ಚೆನ್ನಾಗಿ ಕೆಳಗಿನ ಮನೆಯ ಓನರ್ ಆಂಟಿಗೆ ಕೇಳಿಸುತ್ತದೆ.

ಹಾಗಾಗಿ ಅವನಿಗೆ ಹೇಳಿದ್ದು: ಬೇಸ್‌ಗೆ 11, ಉಳಿದ 5 ಇವಕ್ಕೆಲ್ಲ. ಅಂದರೆ ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಇದಕ್ಕೆ ಬರವಿಲ್ಲ. ಆಸೆಪಟ್ಟು ತಗೊಂಡು ಮೂರು ತಿಂಗಳು ನುಡಿಸಿ, ಕೆಲಸ ಬದಲಾಗಿ ಊರು ಬಿಡುವವರು ವರ್ಷವಿಡೀ ಮಾರುತ್ತಿರುತ್ತಾರೆ.

ಕಮ್ಮಿ ಬೆಲೆಯದು ಅಂದರೆ ಕೆಟ್ಟದ್ದಾ? ಇಲ್ಲ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದ. ಅಲ್ಲಿಯವರೆಗೆ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಅದಕ್ಕೆ ಫ್ರೆಟ್ (ತಂತಿಯ ಕೆಳಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ) ಇಲ್ಲ, ಸ್ವರ ಹುಡುಕುವುದು ಕಿವಿಯ ಪಾಡು. ಫ್ರೆಟ್ ಬಂದ ಮೇಲೆ ಒತ್ತಿದ ಕಡೆ ಕರಾರುವಾಕ್ಕಾದ ಸ್ವರ, ಅದಕ್ಕೇ ಆ ಹೆಸರು. 1960ರಲ್ಲಿ ಜಾಝ್ ಬೇಸ್ ಬಂತು, ಎರಡು ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಭಾಗ), ತುದಿಯಲ್ಲಿ ತೆಳ್ಳಗಿನ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ). ಇವತ್ತಿನ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಿನವು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಯಮಾಹಾ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಯೋ, ಫೆಂಡರಿನವರದೇ ಸ್ಕ್ವೈಯರ್, ಯಾವುದಾದರೂ ಕಲಿಯಲು ಸಾಕು. ವಿನ್ಯಾಸ ಹಳೆಯದು, ಪಳಗಿದ್ದು. ದುಡ್ಡು ಉಳಿಸುವುದು ಫಿನಿಶಿಂಗ್‌ನಲ್ಲಿ. ನಾವು ನೋಡಬೇಕಾದ್ದೂ ಅಲ್ಲೇ.

[ದೃಶ್ಯ: ಕ್ಯಾಮೆರಾ ನೆಕ್‌ನ ಹತ್ತಿರಕ್ಕೆ.]

ಹೀಗೆ ಮಾಡಿ. ಎಡಗೈಯಿಂದ ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಬಲಗೈಯಿಂದ ಅದೇ ತಂತಿಯನ್ನು ನೆಕ್ ಬಾಡಿಗೆ ಸೇರುವ ಕಡೆ ಒತ್ತಿ. ಈಗ ನಡುವೆ, ಏಳು ಎಂಟನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಜಾಸ್ತಿ ಇದ್ದರೆ, ಕಮ್ಮಿ ಇದ್ದರೆ ಗಾಬರಿ ಬೇಡ. ನೆಕ್ ಒಳಗಿನ ಲೋಹದ ಸರಳು, ಟ್ರಸ್ ರಾಡ್, ಅದನ್ನು ತಿರುಗಿಸಿ ಸರಿ ಮಾಡುತ್ತಾರೆ.

ಆದರೆ ನೆಕ್ ತಿರುಚಿಕೊಂಡಿದ್ದರೆ? ಬಿಟ್ಟು ಬನ್ನಿ. ನಾನು ಬಿಡಲಿಲ್ಲ. ನನ್ನ ಮೊದಲ ಬೇಸ್ ತಗೊಂಡಿದ್ದು ಎಚ್‌ಎಸ್‌ಆರ್ ಲೇಔಟಿನ ಒಂದು ಫ್ಲ್ಯಾಟಿನಲ್ಲಿ, ಸಂಜೆ ಏಳಕ್ಕೆ, ಮಂದ ಬೆಳಕಿನಲ್ಲಿ. ಫಳಫಳ ಹೊಳೆಯುತ್ತಿತ್ತು. ಚೌಕಾಶಿ ಮಾಡಿ 2 ಸಾವಿರ ಇಳಿಸಿದೆ ಅಂತ ಬೀಗಿಕೊಂಡು ಬಂದೆ. ಮನೆಯಲ್ಲಿ ನೋಡಿದರೆ ಜಿ ತಂತಿ ಸರಿ, ಇ ತಂತಿ ಎಲ್ಲಿ ಒತ್ತಿದರೂ ಝುರ್ ಅನ್ನುತ್ತದೆ. ಟ್ರಸ್ ರಾಡ್ ಬಾಗಿದ್ದನ್ನು ನೆಟ್ಟಗೆ ಮಾಡುತ್ತದೆ, ತಿರುಚಿದ್ದನ್ನಲ್ಲ. ರಿಪೇರಿಯವರು ಒಂದು ಕಣ್ಣು ಮುಚ್ಚಿ, ತಂತಿ ಬಿಗಿಯುವ ತುದಿಯ (ಹೆಡ್‌ಸ್ಟಾಕ್) ಕಡೆಯಿಂದ ನೆಕ್ ಉದ್ದಕ್ಕೂ ನೋಡಿದರು. "ಸಾರ್, ಗೋಡೆಗೆ ನೇತುಹಾಕಿ. ಚೆನ್ನಾಗಿ ಕಾಣುತ್ತೆ" ಅಂದರು. ನೀವು ಆ ಒಂದು ಕಣ್ಣಿನ ನೋಟವನ್ನು ದುಡ್ಡು ಕೊಡುವ ಮೊದಲೇ ನೋಡಿ. ಹಗಲಿನಲ್ಲಿ.

ಆಮೇಲೆ ನೆಕ್‌ನ ಅಂಚನ್ನು ಬೆರಳಿಂದ ಸವರಿ. ತುರಿಮಣೆ ಸವರಿದ ಹಾಗಿದ್ದರೆ ಫ್ರೆಟ್ ತುದಿಗಳು ಹೊರಗೆ ಬಂದಿವೆ. ನಮ್ಮೂರಲ್ಲಿ ಫೆಬ್ರವರಿ, ಮಾರ್ಚ್‌ನ ಒಣಹವೆಗೆ ಮರ ಒಣಗಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಅರದಿಂದ ಉಜ್ಜಿದರೆ ಹೋಗುತ್ತದೆ, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ. ನಾಲ್ಕೂ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿ. ಮಾರುವವರು ಗೊಣಗಲಿ. ನಾಬ್ ತಿರುಗಿಸಿದಾಗ ಕರಕರ ಅಂದರೆ ಅದು ಹೆಚ್ಚಾಗಿ ಧೂಳು. ಕೇಬಲ್ ಚುಚ್ಚುವ ಜ್ಯಾಕ್ ಅಲುಗಾಡುತ್ತಿದ್ದರೂ ಪರವಾಗಿಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಹೊಸದು ಸಿಗುತ್ತದೆ, ಬೆಸುಗೆ ಹಾಕಿಸಿದರೆ ಮುಗಿಯಿತು.

ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಮೊದಲಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೇಬಲ್ ಚುಚ್ಚಿಟ್ಟೇ ಮಲಗಿದರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಸ್ಟೇಜಿನ ಮೇಲೆ.

ಇನ್ನು ಕೈ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು. ಮೊದಲ ನಾಲ್ಕು ಫ್ರೆಟ್‌ಗೆ ಬೆರಳು ಚಾಚಿ ನೋಡಿ. ತೀರಾ ಎಳೆದಂತಾದರೆ 30 ಇಂಚಿನ ಶಾರ್ಟ್ ಸ್ಕೇಲ್ ಇದೆ. ಅದು ಮಕ್ಕಳ ಆಟದ ಸಾಮಾನಲ್ಲ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಅದೇ ಅಳತೆಯದು. ನಿಂತು ಹೆಗಲಿಗೆ ಹಾಕಿಕೊಂಡು ಕೈ ಬಿಡಿ. ನೆಕ್ ನೆಲ ನೋಡುತ್ತಾ ಜಾರಿದರೆ, ಪ್ರಾಕ್ಟೀಸ್ ಪೂರ್ತಿ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸವೆಯುತ್ತದೆ.

ಅಕ್ಕನ ಮಗನಿಗೆ ಇನ್ನೊಂದು ಮಾತು ಕೇಳಿದ್ದೆ. ಬೇಸ್ ಅಂದರೆ ಎರಡು ತಂತಿ ಕಮ್ಮಿ ಇರುವ ಗಿಟಾರ್ ಅಲ್ಲ. ಮೃದಂಗದ ಎಡಮುಖ ಇದೆಯಲ್ಲ, ಆ ಕೆಲಸ. ನಿಮ್ಮ ಏರಿಯಾದ ಗಣೇಶನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವರು ಯಾರು ಅಂತ ನೋಡಿದ್ದೀರಾ? ಎಷ್ಟೋ ಕಡೆ ಆಳೇ ಇರುವುದಿಲ್ಲ, ಕೀಬೋರ್ಡಿನವರು ಎಡಗೈಯಲ್ಲೇ ಮುಗಿಸಿಬಿಡುತ್ತಾರೆ. ಇದ್ದರೂ ಡ್ರಮ್ಸ್ ಪಕ್ಕ ಕತ್ತಲಲ್ಲಿ. "ಹಾಗೆ ನಿಂತ್ಕೋತೀಯಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಡ್ರಮ್ಸ್ ಪಕ್ಕ ನಂಗಿಷ್ಟ ಮಾಮ" ಅಂದ.

ನಿನ್ನೆ ಯಲಹಂಕದಿಂದ ಒಂದು ಫೋಟೋ ಕಳಿಸಿದ. ಯಾರದೋ ಬಾಲ್ಕನಿ, ಮಧ್ಯಾಹ್ನದ ಬಿಸಿಲು. ಏಳನೇ ಫ್ರೆಟ್ ಮೇಲೆ ಅವರಪ್ಪನ ವಿಸಿಟಿಂಗ್ ಕಾರ್ಡ್.

"ಮಾಮ, ಕಾರ್ಡ್ ಸ್ವಲ್ಪ ಟೈಟು. ನೆಕ್ ತಿರುಚಿಲ್ಲ. 12 ಅಂತಿದಾರೆ."

"ಸೆಟಪ್ಪಿಗೆ ಅಂತ ಸಾವಿರ ಬಿಡಿಸು" ಅಂತ ಕಳಿಸಿದೆ.

[ದೃಶ್ಯ: ಇ ತಂತಿ ಮತ್ತೊಮ್ಮೆ. ದನಿ ತಾನಾಗಿ ನಿಲ್ಲುವವರೆಗೆ.]